ಊಟದ ಜಗಳದಲ್ಲಿ ಸಾಹಿತ್ಯದ ಮಾತು ನಿಲ್ಲಬಾರದು

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಿರಿಯರಾದ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಆದರೆ ಸಮ್ಮೇಳನದ ಮೊದಲು ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಅವರ ಕೃತಿಗಳಲ್ಲ, ಊಟ. ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದ ಸೂಚನೆಗೆ ವಿರೋಧ ಬಂತು, ಬಾಡೂಟ ಬೇಕೆಂಬ ಬೇಡಿಕೆ ಎದ್ದಿತು. ನಮ್ಮ ಸಮಾಜದ ವಾಟ್ಸಾಪ್ ಗುಂಪುಗಳಲ್ಲೂ ಇದೇ ಮಾತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನ ನಡೆದಾಗ ಮುಸ್ಲಿಂ ಲೇಖಕರಿಗೆ ತಕ್ಕ ಅವಕಾಶ ಸಿಕ್ಕಿಲ್ಲವೆಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವೇ ನಡೆಯಿತು.

ಈ ಎರಡೂ ವಿವಾದಗಳಲ್ಲಿ ಕೇಳಿದ ಪ್ರಶ್ನೆ ಒಂದೇ: ಸಾಲಿನಲ್ಲಿ ಯಾರ್ಯಾರಿಗೆ ಜಾಗ? ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ನಮಗೆ ಇದು ದೂರದ ಸುದ್ದಿಯಲ್ಲ.

ತಾಲ್ಲೂಕು ಮಟ್ಟದ ಸಮ್ಮೇಳನಗಳಲ್ಲಿ ಸ್ವಯಂಸೇವಕನಾಗಿ ಊಟದ ಕೌಂಟರ್, ಪುಸ್ತಕ ಮಳಿಗೆಗಳ ಬಳಿ ನಿಲ್ಲುವಾಗ ಬರಹಗಾರರ ಜೊತೆ ಮಾತಿಗೆ ಸಿಗುತ್ತೇನೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರ ಮನೆಯ ಒಬ್ಬ ಯುವಕವಿ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯ ಬಗ್ಗೆ ಹೇಳಿದರು: "ಸಾಹುಕಾರ್ರೇ, ನೀವು ಅದನ್ನ ಬಲಿ ಅಂತೀರಿ. ನಮ್ಗೆ ಅದು ಪಂಕ್ತಿ. ಜಾತಿ ಕೇಳ್ದೆ ಪಕ್ಕದಲ್ಲಿ ಕೂತು ಉಣ್ಣೋ ದಿನ." ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗ ಯುವಕರೊಬ್ಬರ ದೂರು ಬೇರೆ: "ಗೊರುಕನ ಹಾಡು ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಬೇಕು ಸಾರ್, ಗೋಷ್ಠಿಗೆ ನಾವು ಬೇಡ." ಹನೂರು ಕಡೆಯಿಂದ ಬಂದ ಒಬ್ಬ ಶಿಕ್ಷಕಿ ಮನೆಯಲ್ಲಿ ತಮಿಳು ಮಾತಾಡಿ ಕನ್ನಡದಲ್ಲಿ ಕವಿತೆ ಬರೆಯುತ್ತಾರೆ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ನೀಲಗಾರ ಕವಿಯ ಮಾತು ಜೈನನಾದ ನನಗೆ ಸುಲಭದ್ದಲ್ಲ. ಪ್ರಾಣಿಹತ್ಯೆಯನ್ನು ನಾವು ಒಪ್ಪುವಂತಿಲ್ಲ. ರಾಜ್ಯದಲ್ಲಿ 1959ರಿಂದ ಪ್ರಾಣಿ ಬಲಿ ತಡೆ ಕಾಯ್ದೆಯೂ ಇದೆ. ಆದರೆ ಒಪ್ಪದಿರುವುದು ಬೇರೆ, ಕೇಳದಿರುವುದು ಬೇರೆ. ಆ ಕವಿ ಹೇಳುತ್ತಿದ್ದದ್ದು ಮಾಂಸದ ರುಚಿಯನ್ನಲ್ಲ, ಶತಮಾನಗಳಿಂದ ಪಂಕ್ತಿಯಿಂದ ಎಬ್ಬಿಸಿಕೊಂಡವರ ನೋವನ್ನು. ಆ ನೋವೂ ಹಿಂಸೆಯ ಫಲವೇ. ಒಂದು ಹಿಂಸೆಯನ್ನು ಮಾತ್ರ ಎಣಿಸಿ ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಮ್ಮ ಅನೇಕಾಂತ ಪ್ರವಚನಕ್ಕೆ ಮಾತ್ರ ಉಳಿಯುತ್ತದೆ.

ನಮ್ಮ ಭಾಗದ ಸಾಹಿತ್ಯ ಬೆಳೆದದ್ದೇ ಭಿನ್ನ ಮತದವರ ಒಡನಾಟದಲ್ಲಿ. ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿದ್ದ ವಿಶಾಲಾಕ್ಷ ಪಂಡಿತರು ಯಳಂದೂರಿನ ಜೈನರು. 'ರಾಜಶೇಖರ ವಿಳಾಸ' ಬರೆದ ವೀರಶೈವ ಕವಿ ಷಡಕ್ಷರದೇವರು ಅದೇ 17ನೇ ಶತಮಾನದಲ್ಲಿ ಯಳಂದೂರಿನ ಮಠದಲ್ಲಿದ್ದವರು. 'ಹದಿಬದೆಯ ಧರ್ಮ' ರಚಿಸಿದ ಸಂಚಿ ಹೊನ್ನಮ್ಮ ಅದೇ ಊರಿನವಳು. ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಆಕೆಗೆ ವಿದ್ಯೆ ಕಲಿಸಿದ ಅಳಸಿಂಗರಾರ್ಯರು ಶ್ರೀವೈಷ್ಣವರು. ಒಂದು ಸಣ್ಣ ಊರಿನ ಸುತ್ತ ಇಷ್ಟು ಮತಗಳು, ಇಷ್ಟು ಕಾವ್ಯ!

ಹಾಗೆಂದು ಹಿಂದೆ ಎಲ್ಲವೂ ಸೌಹಾರ್ದವಾಗಿತ್ತು ಎನ್ನುವುದೂ ಸರಿಯಲ್ಲ. ಮಲೆ ಮಾದಪ್ಪನ ಜನಪದ ಕಾವ್ಯದಲ್ಲಿ ದೇವತೆಗಳನ್ನು ಸೆರೆಯಿಟ್ಟ ಶ್ರವಣ ದೊರೆ ಸಾಯುತ್ತಾನೆ. ಆ ಹೆಸರಿನಲ್ಲಿ ಜೈನ ಶ್ರಮಣರ ನೆನಪಿದೆ ಎಂದು ಅರ್ಥ ಮಾಡುವ ವಿದ್ವಾಂಸರಿದ್ದಾರೆ. ಇತ್ತ ನಮ್ಮ ಕನಕಗಿರಿಯ ದೇವಚಂದ್ರರು 1838ರಲ್ಲಿ ಮುಗಿಸಿದ 'ರಾಜಾವಳಿ ಕಥೆ'ಯಲ್ಲಿ ಬಿಜ್ಜಳ, ಬಸವಣ್ಣನವರ ಕಥೆ ಜೈನರ ದೃಷ್ಟಿಯಲ್ಲಿದೆ. ಅದು ವೀರಶೈವರಿಗೆ ಹಿತವಾಗುವಂಥದ್ದಲ್ಲ. ಕಂಸಾಳೆಯವರ ಹಾಡಿನಲ್ಲಿ ಬರುವ ಶ್ರವಣನನ್ನು ಕೇಳಿ ನಾವು ಸಿಟ್ಟಾದರೆ, ದೇವಚಂದ್ರರನ್ನು ಓದಿ ಅವರೂ ಸಿಟ್ಟಾಗಬಹುದು. ಇಬ್ಬರೂ ಒಟ್ಟಿಗೆ ಕೂತು ಎರಡನ್ನೂ ಓದಿದರೆ ಮಾತ್ರ ಈ ಸೀಮೆಯ ಪೂರ್ತಿ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಸಮ್ಮೇಳನ ಇರುವುದು ಇದಕ್ಕೇ ಅಲ್ಲವೇ?

ಇದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿ ಇದೆ. 2015ರಲ್ಲಿ ಶ್ರವಣಬೆಳಗೊಳದಲ್ಲಿ 81ನೇ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ದಲಿತ ಕವಿ ಡಾ. ಸಿದ್ಧಲಿಂಗಯ್ಯ. ಬಾಹುಬಲಿಯ ಊರಿನಲ್ಲಿ ಅವರ ಮಾತನ್ನು ನಾಡು ಕೇಳಿತು.

ಈಗ ನಾವು ಮಾಡಬಹುದಾದದ್ದು ಏನು? ಸಮ್ಮೇಳನ ಬಂದಾಗ ನಮ್ಮ ಸಮಾಜದವರು ಊಟಕ್ಕೆ, ಶಾಮಿಯಾನಕ್ಕೆ ದೇಣಿಗೆ ಕೊಟ್ಟು ಅಂಗಡಿಗೆ ಮರಳುವುದೇ ಹೆಚ್ಚು. ನಮ್ಮ ದೇಣಿಗೆಯ ಅಡುಗೆ ಸಸ್ಯಾಹಾರವಾಗಿರಲಿ ಎನ್ನುವುದು ನ್ಯಾಯ. ಪಕ್ಕದವರ ಅನ್ನವನ್ನು ಹೆಂಡ, ತಂಬಾಕಿನ ಜೊತೆ ಸೇರಿಸಿ ಹೀನ ಎನ್ನುವುದು ನ್ಯಾಯವಲ್ಲ. ದೇಣಿಗೆಯ ಜೊತೆಗೆ ಒಂದು ಕೋರಿಕೆಯನ್ನೂ ಇಡೋಣ: ಮುಂದಿನ ತಾಲ್ಲೂಕು ಸಮ್ಮೇಳನಗಳಲ್ಲಿ ಹೊನ್ನಮ್ಮ, ಷಡಕ್ಷರದೇವ, ದೇವಚಂದ್ರ, ಮಂಟೇಸ್ವಾಮಿ, ಮಾದಪ್ಪ ಇವರೆಲ್ಲರ ಬಗ್ಗೆ ಒಂದೇ ಗೋಷ್ಠಿ ಇರಲಿ. ನೀಲಗಾರರು, ಕಂಸಾಳೆಯವರು, ಸೋಲಿಗರು ಅಲ್ಲಿ ಹಾಡುವುದಷ್ಟೇ ಅಲ್ಲ, ಕುರ್ಚಿಯಲ್ಲಿ ಕೂತು ಮಾತಾಡಲಿ.

ಬಸದಿಗಳಲ್ಲಿ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳಿಗೆ ಪೂಜೆ ಸಲ್ಲಿಸುತ್ತೇವೆ. ಆ ದಿನ ಸಂಜೆ ಊರಿನ ಬೇರೆ ಸಮಾಜದ ಬರಹಗಾರರನ್ನೂ ಕರೆದು 'ರಾಜಾವಳಿ ಕಥೆ'ಯ ಒಂದು ಭಾಗ ಓದಿಸಿ, ಅವರ ಟೀಕೆಯನ್ನೂ ಕೇಳಬಹುದು. ಊರಿನ ಗ್ರಂಥಾಲಯಕ್ಕೆ ಆ ಪುಸ್ತಕದ ಪ್ರತಿ ಕೊಡಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಮಕ್ಕಳು ಈ ಸಭೆಗಳಲ್ಲಿ ಕೂತರೆ, ನಾಳೆ ಕವಿಗೋಷ್ಠಿಯ ಪಟ್ಟಿಯಲ್ಲಿ ನಮ್ಮವರ ಹೆಸರು ಏಕಿಲ್ಲ ಎಂದು ಕೇಳುವ ಹಕ್ಕೂ ನಮಗೆ ಬರುತ್ತದೆ.