ಲಿನ್ಯೋನ್ ನದಿಯ ದಡದ ಊರು

ಫ್ರಾನ್ಸ್ ದೇಶವೆಂದೊಡನೆ ನಮ್ಮವರಿಗೆ ಪ್ಯಾರಿಸ್ ನಗರವೂ ಐಫೆಲ್ ಗೋಪುರವೂ ನೆನಪಾಗುವುದು ಸಹಜ. ಈ ತಿಂಗಳು ಓದುಗರನ್ನು ಆ ದೇಶದ ದಕ್ಷಿಣ-ಮಧ್ಯಭಾಗದ ಬೆಟ್ಟಸೀಮೆಗೆ, ಸುಮಾರು ೨,೫೦೦ ಜನರು ವಾಸಿಸುವ ಒಂದು ಚಿಕ್ಕ ಊರಿಗೆ ಕರೆದೊಯ್ಯುತ್ತಿದ್ದೇವೆ. ಊರಿನ ಹೆಸರು ಲ ಶಾಂಬೋನ್-ಸುರ್-ಲಿನ್ಯೋನ್.

ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದ ಪ್ರಸ್ಥಭೂಮಿ. ಕಲ್ಲಿನ ಮನೆಗಳು, ಪೈನ್ ಮರದ ಕಾಡು, ಹುಲ್ಲುಗಾವಲು. ಚಳಿಗಾಲದಲ್ಲಿ 'ಬ್ಯೂರ್ಲ್' ಎಂಬ ಗಾಳಿ ಹಿಮವನ್ನು ಹೊತ್ತು ತಂದು ದಾರಿಗಳನ್ನೇ ಮುಚ್ಚಿಬಿಡುತ್ತದೆ. ಒಕ್ಕಲುಮನೆಗಳು ಒಂದಕ್ಕೊಂದು ದೂರ, ಹಲವು ಕಾಡಿನ ಮರೆಯಲ್ಲಿ. ಬೇಸಾಯಕ್ಕೆ ಕಠಿನವಾದ ಈ ನೆಲ ಅಡಗಿಕೊಳ್ಳುವವರಿಗೆ ಮಾತ್ರ ಅನುಕೂಲವಾಯಿತು.

ಕ್ಯಾಥೊಲಿಕರೇ ಬಹುಸಂಖ್ಯಾತರಾಗಿದ್ದ ಫ್ರಾನ್ಸಿನಲ್ಲಿ ಇಲ್ಲಿಯ ಬಹುಪಾಲು ಜನ ೧೬ನೆಯ ಶತಮಾನದಿಂದಲೂ ಪ್ರಾಟೆಸ್ಟೆಂಟರಾಗಿದ್ದರು. ಅವರ ಉಪಾಸನೆಗೆ ೧೫೯೮ರ ನಾಂಟ್ ಶಾಸನ ಅವಕಾಶವಿತ್ತಿತ್ತು. ೧೬೮೫ರಲ್ಲಿ ದೊರೆ ೧೪ನೆಯ ಲೂಯಿ ಅದನ್ನು ರದ್ದುಪಡಿಸಿದ. ದೇವಾಲಯಗಳು ನೆಲಸಮವಾದವು, ಪಾದ್ರಿಗಳು ದೇಶಭ್ರಷ್ಟರಾದರು. ಉಳಿದವರು ನೂರು ವರ್ಷ ಕಾಡುಮೇಡುಗಳಲ್ಲಿ ಕದ್ದು ಪ್ರಾರ್ಥಿಸಿದರು. ಮನೆಯ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಕಥೆ ಇದು.

ಇನ್ನೊಂದು ಸಂಗತಿಯನ್ನು ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ೧೯ನೆಯ ಶತಮಾನದ ಕೊನೆಯಿಂದ ಸಾಂತ್-ಎತಿಯೆನ್ ಎಂಬ ಗಣಿ-ಕಾರ್ಖಾನೆಗಳ ಪಟ್ಟಣದ ಬಡ ಕಾರ್ಮಿಕರ ಮಕ್ಕಳನ್ನು ಬೇಸಿಗೆಯಲ್ಲಿ ಶುದ್ಧ ಗಾಳಿಗಾಗಿ ಇಲ್ಲಿಯ ರೈತರ ಮನೆಗಳಿಗೆ ಕಳುಹಿಸುತ್ತಿದ್ದರು. ಅನ್ಯರ ಮಕ್ಕಳು ತಮ್ಮ ಮಕ್ಕಳೊಡನೆ ಕುಳಿತು ಉಣ್ಣುವುದು ಈ ಮನೆಗಳಿಗೆ ಹೊಸತಲ್ಲ.

೧೯೪೦ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಊರಿನ ಪಾದ್ರಿ ಆಂದ್ರೆ ತ್ರೋಕ್ಮೆಯವರು ಮರುದಿನವೇ, ಅಂತಃಕರಣಕ್ಕೆ ವಿರುದ್ಧವಾದ ಬಲಾತ್ಕಾರವನ್ನು ಆತ್ಮಬಲದಿಂದ ಎದುರಿಸಬೇಕೆಂದು ಜನರಿಗೆ ಬೋಧಿಸಿದರು. ೧೯೪೨ರಲ್ಲಿ ಯೆಹೂದ್ಯರ ಬಂಧನ ಬಿರುಸಾದಾಗ ಅಧಿಕಾರಿಗಳು ಅವರಿಂದ ಯೆಹೂದ್ಯರ ಪಟ್ಟಿ ಕೇಳಿದರು. ಅವರು ಕೊಡಲಿಲ್ಲ. ಪೊಲೀಸರು ಬಸ್ಸು ತಂದು ಊರೂರು ಶೋಧಿಸಿದರೂ ಹೆಚ್ಚುಕಡಿಮೆ ಬರಿಗೈಯಲ್ಲೇ ಮರಳಿದರು.

ಇದನ್ನೆಲ್ಲ ಪಾದ್ರಿಯೊಬ್ಬರ ಸಾಹಸವೆಂದು ಬಣ್ಣಿಸುವುದುಂಟು. ನಮಗೆ ಹಾಗೆ ತೋರದು. ನಡುರಾತ್ರಿ ಕದ ತಟ್ಟಿದವರಿಗೆ ಬಾಗಿಲು ತೆರೆದು ಇದ್ದ ಆಲೂಗಡ್ಡೆಯಲ್ಲೇ ಪಾಲು ಕೊಟ್ಟವರು ರೈತರ ಮನೆಯ ಹೆಂಗಸರು; ಅವರಲ್ಲಿ ಬಹುತೇಕರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಹೀಗೆ ಉಳಿದುಕೊಂಡವರು ಸಾವಿರಾರು, ಅವರಲ್ಲಿ ಮಕ್ಕಳು ಬಹಳ.

ಬೆಲೆ ತೆರದೆ ಆದದ್ದಲ್ಲ ಇದು. ೧೯೪೩ರ ಜೂನ್ ೨೯ರಂದು ಜರ್ಮನ್ ಗುಪ್ತ ಪೊಲೀಸರು ವಿದ್ಯಾರ್ಥಿನಿಲಯವೊಂದಕ್ಕೆ ನುಗ್ಗಿದರು. ಅದರ ಮೇಲ್ವಿಚಾರಕ, ಪಾದ್ರಿಗಳ ಬಂಧು ದಾನಿಯೆಲ್ ತ್ರೋಕ್ಮೆ, ತಪ್ಪಿಸಿಕೊಳ್ಳಲು ಸಾಧ್ಯವಿದ್ದರೂ ಹುಡುಗರ ಜೊತೆಗೇ ನಿಂತರು. ೧೯೪೪ರಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. 

ಇಸ್ರೇಲಿನ ಯಾದ್ ವಾಶೆಂ ಸ್ಮಾರಕ ಸಂಸ್ಥೆ ೧೯೯೦ರಲ್ಲಿ ಇಡೀ ಸೀಮೆಯ ಜನರನ್ನು ಗೌರವಿಸಿತು. ೨೦೧೩ರಲ್ಲಿ ಊರಿನಲ್ಲಿ ಸ್ಮಾರಕ ಭವನವೂ ತೆರೆಯಿತು. ೧೯೪೩ರಲ್ಲಿ ತಂದೆತಾಯಿಗಳೊಡನೆ ಇಲ್ಲಿಗೆ ಬಂದು ಆಶ್ರಯ ಪಡೆದಿದ್ದ ವಿಯೆನ್ನಾದ ಬಾಲಕನೊಬ್ಬ ೨೦೨೦ರ ಡಿಸೆಂಬರ್‌ನಲ್ಲಿ ತನ್ನ ೯೦ನೆಯ ವಯಸ್ಸಿನಲ್ಲಿ ನಿಧನನಾದ. ಮಕ್ಕಳಿಲ್ಲದ ಆತ ಸುಮಾರು ೨೦ ಲಕ್ಷ ಯೂರೋ ಹಣವನ್ನು ಈ ಊರಿಗೆ ಬರೆದಿಟ್ಟಿದ್ದ. ಇಲ್ಲಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ವಿನಿಯೋಗಿಸಬೇಕೆಂದು ಅವನ ಅಪೇಕ್ಷೆಯಾಗಿತ್ತು.