ಸಸ್ಪೆನ್ಸ್ ಕಥೆ ಮತ್ತು ಬಾಕಿ ಲೆಕ್ಕ

ಪತ್ತೇದಾರಿ ಕಾದಂಬರಿ ಎಂದರೆ ಪರೀಕ್ಷೆ ಮುಗಿದ ಮೇಲೆ ಹೊತ್ತು ಕಳೆಯಲು ಓದುವ ಪುಸ್ತಕ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹೋಲೊಕಾಸ್ಟ್‌ನಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಲಾಯಿತು. ಅಂಥ ವಿಷಯವನ್ನು ‘ಮುಂದೇನಾಯಿತು’ ಎಂಬ ಕುತೂಹಲದ ಕಥೆಯಾಗಿ ಬರೆಯುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಟಟಿಯಾನಾ ಡಿ ರೋನೇ ಅವರ ‘ಸಾರಾಸ್ ಕೀ’ ಓದಿದ ಮೇಲೆ ನನ್ನ ಉತ್ತರ ಇದು: ಸರಿ, ಆದರೆ ಒಂದು ಷರತ್ತು. ಹುಡುಕಾಟದ ಕೊನೆಯಲ್ಲಿ ಯಾರೋ ಒಬ್ಬರು ಉತ್ತರ ಕೊಡಲೇಬೇಕು.

ಮೊದಲು ನಿಜವಾಗಿ ನಡೆದದ್ದು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಅದರ ಉಪನಗರಗಳಲ್ಲಿ 13,152 ಯಹೂದಿಗಳನ್ನು ಹಿಡಿಯಲಾಯಿತು. ಅವರಲ್ಲಿ 4,115 ಮಂದಿ ಮಕ್ಕಳು. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದರು ನಿಜ, ಆದರೆ ಬಾಗಿಲು ತಟ್ಟಿದವರು ಫ್ರೆಂಚ್ ಪೊಲೀಸರು. ಅವರ ಕೈಯಲ್ಲಿದ್ದದ್ದು 1940ರ ಜನಗಣತಿಯಿಂದ ಪೊಲೀಸ್ ಕಚೇರಿಯೇ ತಯಾರಿಸಿದ ಕಾರ್ಡುಗಳು: ಹೆಸರು, ವಿಳಾಸ, ಉದ್ಯೋಗ. ಮಕ್ಕಳನ್ನೂ ಕಳಿಸಿಬಿಡಿ ಎಂದು ಸೂಚಿಸಿದವನು ಫ್ರೆಂಚ್ ಸರ್ಕಾರದ ಮುಖ್ಯಸ್ಥ ಪಿಯರ್ ಲಾವಾಲ್. ಕುಟುಂಬಗಳನ್ನು ವೆಲ್ ದಿವ್ ಎಂಬ ಸೈಕಲ್ ರೇಸ್ ಕ್ರೀಡಾಂಗಣದಲ್ಲಿ ಬೇಸಿಗೆಯ ಸೆಕೆಯಲ್ಲಿ, ಸಾಕಷ್ಟು ನೀರಿಲ್ಲದೆ ಕೂಡಿಹಾಕಿದರು. ಆಮೇಲೆ ಬೋನ್-ಲಾ-ರೋಲಾಂಡ್, ಪಿತಿವಿಯೇ ಶಿಬಿರಗಳು. ಅಲ್ಲಿ ತಾಯಂದಿರಿಂದ ಮಕ್ಕಳನ್ನು ಎಳೆದು ಬೇರೆ ಮಾಡಿದರು. ಕೊನೆಗೆ ಆಶ್ವಿಟ್ಜ್.

ಕಾದಂಬರಿ ಇಲ್ಲಿಂದ ಶುರುವಾಗುತ್ತದೆ. ಪೊಲೀಸರು ಬಂದಾಗ ಹತ್ತು ವರ್ಷದ ಸಾರಾ ತನ್ನ ನಾಲ್ಕು ವರ್ಷದ ತಮ್ಮನನ್ನು ಗೋಡೆಯ ಕಪಾಟಿನಲ್ಲಿ ಬಚ್ಚಿಟ್ಟು ಬೀಗ ಹಾಕುತ್ತಾಳೆ. ಸಂಜೆಯೊಳಗೆ ವಾಪಸು ಬರುತ್ತೇವೆ ಎಂಬುದು ಅವಳ ನಂಬಿಕೆ. ಕೀಲಿ ಅವಳ ಜೇಬಿನಲ್ಲೇ ಉಳಿಯುತ್ತದೆ. ಇನ್ನೊಂದು ಕಾಲ 2002. ಪ್ಯಾರಿಸ್‌ನಲ್ಲಿ ನೆಲೆಸಿರುವ ಅಮೆರಿಕನ್ ಪತ್ರಕರ್ತೆ ಜೂಲಿಯಾ ಆ ಬಂಧನದ 60ನೇ ವರ್ಷಕ್ಕೆ ಲೇಖನ ಬರೆಯಲು ಹೊರಡುತ್ತಾಳೆ. ತಾನು ಹೋಗಿ ಇರಬೇಕೆಂದಿರುವ ಗಂಡನ ಕುಟುಂಬದ ಹಳೆಯ ಫ್ಲ್ಯಾಟ್ ಸಾರಾಳ ಮನೆಯೇ ಆಗಿತ್ತು, ಅದು ಖಾಲಿಯಾದ ಅದೇ ತಿಂಗಳು ಅವರು ಅಲ್ಲಿಗೆ ಬಂದರು ಎಂದು ಅವಳಿಗೆ ಗೊತ್ತಾಗುತ್ತದೆ. ಇದಕ್ಕಿಂತ ಹೆಚ್ಚು ಕಥೆ ಹೇಳಿದರೆ ಓದುವವರಿಗೆ ಮೋಸ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇದು ಲೆಕ್ಕದ ಪುಸ್ತಕದಂತೆ ಕಂಡಿತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಡುತ್ತೇವೆ. ತಪ್ಪು ಎಲ್ಲಿದೆ ಎಂದು ಸಿಗುವವರೆಗೆ ಅದು ಅಲ್ಲೇ ಇರುತ್ತದೆ. ಹಾಗೇ ಬಿಟ್ಟು ವರ್ಷಗಟ್ಟಲೆ ವ್ಯಾಪಾರ ನಡೆಸಬಹುದು, ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜೂಲಿಯಾಳ ಗಂಡನ ಮನೆಯವರು 60 ವರ್ಷ ಮಾಡಿದ್ದು ಇದನ್ನೇ. ಕೆಟ್ಟವರಲ್ಲ. ಆ ಮನೆಯ ಅಜ್ಜ ಯಾರಿಗೂ ಹೇಳದೆ ಸಾರಾಳಿಗಾಗಿ ಹಣ ಕಳಿಸುತ್ತಿದ್ದ. ಹಣ ಪಾವತಿಯಾಗುತ್ತಿತ್ತು, ಆದರೆ ಯಾವ ಸಾಲಕ್ಕೆ ಎಂದು ಎಲ್ಲೂ ಬರೆದಿರಲಿಲ್ಲ. ಪತ್ತೇದಾರಿ ಕಥೆಯ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಾರು ಸತ್ತರು ಎಂಬುದು ಇತಿಹಾಸದ ಪಾಠದಲ್ಲೂ ಸಿಗುತ್ತದೆ. ಖಾಲಿಯಾದ ಮನೆಗೆ ಯಾರು ಬಂದರು ಎಂಬ ಪ್ರಶ್ನೆಯನ್ನು ಕೇಳಲು ಒಬ್ಬ ಹುಡುಕುವವಳು ಬೇಕು.

ಪುಸ್ತಕದ ಅರ್ಧದ ನಂತರ ಸಾರಾಳ ಅಧ್ಯಾಯಗಳು ನಿಂತುಹೋಗುತ್ತವೆ, ಉಳಿಯುವುದು ಜೂಲಿಯಾಳ ಸಂಸಾರದ ಗೋಳು, ಆದ್ದರಿಂದ ಕಥೆ ಸಪ್ಪೆ ಎಂಬ ದೂರು ಇದೆ. ಜೂಲಿಯಾಳ ಮದುವೆಯ ಜಗಳಗಳು ನನಗೂ ಉದ್ದವೆನಿಸಿದವು. ಆದರೆ ಸಾರಾಳ ದನಿ ನಿಲ್ಲುವುದನ್ನು ನಾನು ಒಪ್ಪುತ್ತೇನೆ. ಬದುಕಿ ಉಳಿದ ಮೇಲೆ ಅವಳು ಅಮೆರಿಕಕ್ಕೆ ಹೋಗಿ, ಮದುವೆಯಾಗಿ, ಮಗನಿಗೂ ಹೇಳದೆ ಬಾಳಿದಳು. ತಾನು ಯಹೂದಿ ಎಂಬುದನ್ನೂ ಹೇಳಲಿಲ್ಲ. ಅವಳೇ ಮಾತಾಡದಿದ್ದಾಗ ಲೇಖಕಿ ಅವಳ ಬಾಯಿಂದ ಮಾತಾಡಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಹಾಗಾದರೆ ಜೂಲಿಯಾ ಆ ಗುಟ್ಟನ್ನು ಸಾರಾಳ ಮಗನಿಗೆ ಹೇಳಿದ್ದು ಸರಿಯೇ? ಇದರ ಬಗ್ಗೆ ನಾನು ಬಹಳ ಯೋಚಿಸಿದೆ. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ಯಾವುದೋ ಅಧಿಕಾರಿಯನ್ನು ಕೆಲಸದಿಂದ ದೂರ ಇಟ್ಟರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಕೊಟ್ಟ ವಸ್ತು, ಒಡೆಯನಿಗೆ ಮರಳಿಸುವವರೆಗೆ ಕಾಪಾಡಬೇಕಾದದ್ದು. ಸಾರಾಳ ಮೌನ ಅವಳದ್ದೇ ಸ್ವತ್ತು. ನೊಂದವರಿಗೆ ಸುಮ್ಮನಿರುವ ಹಕ್ಕಿದೆ. ಆದರೆ ಆ ಮನೆಯಲ್ಲಿ ಬಾಳಿದವರ ಬಳಿ ಇದ್ದದ್ದು ಅಮಾನತ್. ಅವರಿಗೆ ಆ ಹಕ್ಕಿಲ್ಲ. ಈ ಎರಡು ಮೌನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದ್ದರಿಂದ ಹೇಳಿದ್ದು ಸರಿ, ಹೇಳಿದ ರೀತಿ ಸರಿಯಲ್ಲ. ಮಗನಿಗೆ ಎಲ್ಲ ಗೊತ್ತಿರಬೇಕು ಎಂದುಕೊಂಡು ಜೂಲಿಯಾ ಫೋಟೊ ಮುಂದಿಡುತ್ತಾಳೆ. ಅವನಿಗೆ ಏನೂ ಗೊತ್ತಿರಲಿಲ್ಲ. ಅಮಾನತ್ ಮರಳಿಸುವಾಗಲೂ ಮೊದಲು ಬಾಗಿಲು ತಟ್ಟಿ ಕೇಳಬೇಕು.

ಸರ್ಕಾರಗಳಿಗೂ ಇದೇ ಮಾತು. ಆ ಬಂಧನದಲ್ಲಿ ಫ್ರಾನ್ಸ್ ದೇಶದ ಹೊಣೆ ಇದೆ ಎಂದು ಅಧ್ಯಕ್ಷ ಜಾಕ್ ಶಿರಾಕ್ ಬಹಿರಂಗವಾಗಿ ಒಪ್ಪಿಕೊಂಡದ್ದು 1995ರ ಜುಲೈ 16ರಂದು. ಅಷ್ಟರಲ್ಲಿ 53 ವರ್ಷ ಕಳೆದಿತ್ತು. ಕ್ರೀಡಾಂಗಣವನ್ನು 1959ರಲ್ಲೇ ಕೆಡವಿಯಾಗಿತ್ತು.

ಈ ಪುಸ್ತಕ ನನ್ನ ಕೈಯಲ್ಲಿ ನೋಡಿದ ಗೆಳೆಯರೊಬ್ಬರು ಕೇಳಿದರು: “ಗಾಜಾದ ಮಕ್ಕಳ ಸುದ್ದಿ ದಿನಾ ನೋಡುತ್ತಿದ್ದೇವೆ, ಇವರ ಕಥೆ ಈಗ ಯಾಕೆ?” ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾಗದು. ನನ್ನ ಉತ್ತರ ಇಷ್ಟೇ. ಕಪಾಟಿನಲ್ಲಿ ಅಕ್ಕನಿಗಾಗಿ ಕಾದ ಮಗು ಇಂದಿನ ಯಾವ ಸರ್ಕಾರದ ಕೆಲಸಕ್ಕೂ ಹೊಣೆಯಲ್ಲ. ದುಃಖಕ್ಕೆ ಡಬಲ್ ಎಂಟ್ರಿ ಇಲ್ಲ; ಒಂದು ಕಡೆ ಬರೆದರೆ ಇನ್ನೊಂದು ಕಡೆ ಕಡಿಮೆಯಾಗುವುದಿಲ್ಲ. ಆ ಮಗುವಿಗಾಗಿ ಅತ್ತವರು ಗಾಜಾದ ಮಗುವಿಗಾಗಿ ಅಳಲು ಇನ್ನಷ್ಟು ಕಲಿಯುತ್ತಾರೆ. ಅಲ್ಬೇನಿಯಾದ ಮುಸ್ಲಿಂ ಕುಟುಂಬಗಳು ಆ ಕಾಲದಲ್ಲಿ ಯಹೂದಿಗಳನ್ನು ತಮ್ಮ ಮನೆಗಳಲ್ಲಿ ಅಡಗಿಸಿಟ್ಟು ಕಾಪಾಡಿದವು. ನಮ್ಮ ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನ್ 1943ರಲ್ಲಿ ಇದೇ ಪ್ಯಾರಿಸ್‌ನಲ್ಲಿ ಬ್ರಿಟನ್ ಪರವಾಗಿ ಗುಪ್ತ ರೇಡಿಯೊ ನಡೆಸಿದರು. ಮರುವರ್ಷ ನಾಜಿಗಳು ಅವರನ್ನು ಡಾಖಾವ್ ಶಿಬಿರದಲ್ಲಿ ಕೊಂದರು. ಅವರಾರೂ ಇದು ಯಾರ ಕಥೆ ಎಂದು ಕೇಳುತ್ತಾ ಕೂರಲಿಲ್ಲ.

2006ರಲ್ಲಿ ಫ್ರೆಂಚಿನಲ್ಲಿ, ಮರುವರ್ಷ ಇಂಗ್ಲಿಷಿನಲ್ಲಿ ಬಂದ ಪುಸ್ತಕ ಇದು. ಇಂಗ್ಲಿಷ್ ಕಷ್ಟವೇನಲ್ಲ, ಅಧ್ಯಾಯಗಳು ಚಿಕ್ಕವು. 2010ರಲ್ಲಿ ಬಂದ ಸಿನಿಮಾ ಇದೆ ಎಂದು ಅದನ್ನೇ ನೋಡಿ ಮುಗಿಸಬೇಡಿ, ಪುಸ್ತಕ ಓದಿ. ಓದಿ ಮುಗಿಸಿದ ಮೇಲೆ ಮನೆಯ ಹಿರಿಯರು ಯಾವ ವಿಷಯ ಬಂದಾಗ ಮಾತು ಬದಲಿಸುತ್ತಾರೆ ಎಂದು ಸ್ವಲ್ಪ ಗಮನಿಸಿ. ಒತ್ತಾಯ ಮಾಡಬೇಡಿ. ಅವರಿಗೆ ಹೇಳಬೇಕೆನಿಸಿದ ದಿನ ಫೋನ್ ಕೆಳಗಿಟ್ಟು ಹತ್ತಿರ ಕೂತು ಕೇಳಿ.