ಬೀರುವಿನಲ್ಲಿಟ್ಟ ಡಿಎನ್‌ಎ

ವಿಜ್ಞಾನದ ಮೇಷ್ಟ್ರುಗಳೇ, ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿರುವ ಆ ಥರ್ಮಾಕೋಲ್ ಡಿಎನ್‌ಎ ಮಾದರಿಯನ್ನು ಇಳಿಸಿ ನೋಡಿ. ಸುರುಳಿ ಬಲಮುರಿಯೇ? ಎಳೆಗಳೆರಡೂ ವಿರುದ್ಧ ದಿಕ್ಕಿಗೆ ಸಾಗಿವೆಯೇ? ಎಷ್ಟೋ ಮಾದರಿಗಳಲ್ಲಿ ಎರಡೂ ತಪ್ಪಿರುತ್ತವೆ. ಅಂಗಡಿಯಿಂದ ತಂದದ್ದೋ, ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸಿಕೊಟ್ಟದ್ದೋ, ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದು ಬೀರು ಸೇರಿತು. ಮುಟ್ಟಲು ಬಂದ ಮಗುವನ್ನು ಗದರಿಸಿದಿರಿ. ಪಾಠ ಮುಗಿಯಿತೆಂದು ಬರೆದುಕೊಂಡಿರಿ.

ಪುಸ್ತಕದಲ್ಲಿ ಚಿತ್ರವಿದೆ, ಸಾಕು ಎನ್ನುವವರೂ ಇದ್ದಾರೆ. 1953ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಜೇಮ್ಸ್ ವಾಟ್ಸನ್ ಡಿಎನ್‌ಎ ರಚನೆ ಹುಡುಕುವಾಗ ಪಠ್ಯಪುಸ್ತಕದ ಚಿತ್ರ ನಂಬಿಯೇ ದಾರಿ ತಪ್ಪಿದ್ದರು. ಪ್ರತ್ಯಾಮ್ಲಗಳ ರೂಪ ಅಲ್ಲಿ ತಪ್ಪಾಗಿದೆ ಎಂದು ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯೂ ತಿದ್ದಿದರು. ಆಮೇಲೆ ರಟ್ಟಿನಲ್ಲಿ ಹೊಸದಾಗಿ ಕತ್ತರಿಸಿ ಮೇಜಿನ ಮೇಲೆ ಜೋಡಿಸುತ್ತಿದ್ದಾಗ, ಪ್ರತ್ಯಾಮ್ಲಗಳ ಎ-ಟಿ ಜೋಡಿಯೂ ಜಿ-ಸಿ ಜೋಡಿಯೂ ಒಂದೇ ಅಗಲ ಎಂಬುದು ವಾಟ್ಸನ್ ಕಣ್ಣಿಗೆ ಬಿತ್ತು. ರೋಸಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಮಾಹಿತಿ ಇಲ್ಲದಿದ್ದರೆ ಆ ಮಾದರಿ ನಿಲ್ಲುತ್ತಿರಲಿಲ್ಲ. ಅದನ್ನೂ ಮಕ್ಕಳಿಗೆ ಹೇಳಲೇಬೇಕು.

ದುಡ್ಡಿಲ್ಲ ಎಂಬ ನೆಪ ಬೇಡ. ಮಕ್ಕಳೇ ಮಾದರಿ ಮಾಡಲು ಹಳೆಯ ಮದುವೆ ಪತ್ರಿಕೆ, ಕತ್ತರಿ, ದಾರ ಸಾಕು. ಎ-ಜಿ ಜೋಡಿಸಲು ಹೋದರೆ ಡಿಎನ್‌ಎ ಏಣಿ ಉಬ್ಬುತ್ತದೆ, ಸಿ-ಟಿ ಆದರೆ ಸೊರಗುತ್ತದೆ. ಅದು ಮಗುವಿನ ಕೈಗೇ ಗೊತ್ತಾಗಲಿ. ಬಳಿಕ ಕೆಡಿಸಲು ಬಿಡಿ. ಜಿಎಜಿ ಎಂಬ ಮೂರಕ್ಷರದ ಕೊನೆಯ ಜಿ ತೆಗೆದು ಎ ಇಟ್ಟರೆ ಪ್ರೋಟೀನಿನಲ್ಲಿ ಬರುವುದು ಅದೇ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲ, ಏನೂ ಬದಲಾಗದು. ನಡುವಿನ ಎ-ಟಿ ಮೆಟ್ಟಿಲನ್ನು ತಿರುಗಿಸಿ ಟಿ-ಎ ಮಾಡಿದರೆ ವ್ಯಾಲೀನ್ ಬರುತ್ತದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಇಷ್ಟೇ ಆಗುವುದು. ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆ ಬಂದರೆ ಸಿಕಲ್ ಸೆಲ್ ಅನೀಮಿಯಾ. ಒಂದು ಮೆಟ್ಟಿಲನ್ನೇ ಕಿತ್ತರೆ ಅಲ್ಲಿಂದ ಮುಂದಿನ ಓದೆಲ್ಲ ಅಸ್ತವ್ಯಸ್ತ. ಅಂಟಿಸಿಟ್ಟ ಥರ್ಮಾಕೋಲ್ ಇದರಲ್ಲಿ ಒಂದನ್ನೂ ಕಲಿಸದು.

ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಆದಿವಾಸಿ ಕುಟುಂಬಗಳಲ್ಲಿ ಈ ಕಾಯಿಲೆ ಇದೆ. ಅಲ್ಲಿನ ಮಕ್ಕಳೂ ‘ಉತ್ಪರಿವರ್ತನೆ ಎಂದರೇನು’ ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಮನೆಯಲ್ಲಿ ಅಣ್ಣ ಮೂಳೆನೋವಿನಿಂದ ನರಳುತ್ತಿದ್ದರೂ, ಆ ನೋವಿಗೂ ಈ ಉತ್ತರಕ್ಕೂ ಇರುವ ನಂಟನ್ನು ಯಾರು ತೋರಿಸಬೇಕಿತ್ತು? ಸಿಲಬಸ್ ಮುಗಿಸುವ ಅವಸರ ಎನ್ನಬೇಡಿ. ಇದಕ್ಕೆ ಬೇಕಾದದ್ದು ಎರಡು ಪೀರಿಯಡ್.